ತೊಗಟೆಯ ಜಾಗಗಳಿಗೆ ಕೆಲಸ ಹಂಚಿದವರಾರು?

ಪಾರ್ಶ್ವವಾಯು ಬಡಿದವರು ಇಲ್ಲದ ಬೀದಿ ನಮ್ಮಲ್ಲಿ ಇಲ್ಲ. ಊರಲ್ಲಿ ಅದಕ್ಕೆ ಲಕ್ವ ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಸ್ಟ್ರೋಕ್ ಎನ್ನುತ್ತಾರೆ. ಅಂಥವರನ್ನು ನೋಡಿಬರಲು ಹೋದವರು ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ಬಲಗೈ ಬಿದ್ದುಹೋದವರಿಗೆ ಬಹಳಷ್ಟು ಸಲ ಮಾತೂ ಹೋಗಿರುತ್ತದೆ. ಎಡಗೈ ಬಿದ್ದವರು ಮಾತ್ರ ಹಾಸಿಗೆಯಲ್ಲಿ ಮಲಗಿದ್ದುಕೊಂಡೇ ಬಂದವರ ಯೋಗಕ್ಷೇಮ ವಿಚಾರಿಸುತ್ತಾರೆ, "ಅವರಿಗೆ ಕಾಫಿ ಕೊಡಮ್ಮ" ಎಂದು ಸೊಸೆಗೆ ಹೇಳುತ್ತಾರೆ. ಇನ್ನೊಂದು ಸೋಜಿಗವೂ ಉಂಟು. ಮಾತು ಹೋದ ಅಜ್ಜಿಗೆ 'ನೀರು' ಎಂಬ ಎರಡಕ್ಷರ ನಾಲಗೆಗೆ ಬಾರದು. ಆದರೆ ಚಿಕ್ಕಂದಿನಿಂದ ಬಾಯಿಗೆ ಬರುತ್ತಿದ್ದ ದೇವರನಾಮವನ್ನು ಯಾರಾದರೂ ಎತ್ತಿಕೊಂಡರೆ ಆಕೆ ಪದಗಳ ಸಮೇತ ಹಾಡಿಬಿಡಬಹುದು. ತಿಂಗಳುಗಳು ಕಳೆದ ಮೇಲೆ ಕಾಲು ಎಳೆದುಕೊಂಡಾದರೂ ಮನೆಯೊಳಗೆ ಓಡಾಡುವವರು ಎಷ್ಟೋ ಮಂದಿ. ಅವರಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಬಲ್ಲವರು ಕಡಿಮೆ.

ಮಾತಿಗೂ ಬಲಗೈಗೂ ಏನು ನಂಟು? ಕಾಲು ಬಂದರೂ ಕೈ ಬಾರದೇಕೆ? ಹಾಡಿಗೆ ಬರುವ ಪದ ಮಾತಿಗೆ ಬಾರದೇಕೆ? ಮಿದುಳಿನ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಕೆಲಸ ಎಂದು ಶಾಲೆಯ ಪಾಠದಲ್ಲೇ ಓದಿದ್ದೇವೆ, ಬಣ್ಣ ಬಳಿದ ಆ ಚಿತ್ರವನ್ನೂ ನೋಡಿದ್ದೇವೆ. ಆ ಚಿತ್ರ ಒಂದು ಮುಖ್ಯವಾದ ಮಾತನ್ನು ಹೇಳದೆ ಬಿಡುತ್ತದೆ: ಆ ಜಾಗಕ್ಕೆ ಆ ಕೆಲಸ ಬಂದದ್ದು ಹೇಗೆ? ನನ್ನ ಮಟ್ಟಿಗೆ ಯಾವ ಜಾಗಕ್ಕೆ ಯಾವ ಕೆಲಸ ಎಂಬ ಪಟ್ಟಿಗಿಂತ ಈ ಪ್ರಶ್ನೆಯೇ ದೊಡ್ಡದು.

ಬೂದು ಅಂಚು, ಬಿಳಿಯ ಒಡಲು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಾರ್ವಜನಿಕರೂ ಹೋಗಿ ನೋಡಬಹುದಾದ ಮಿದುಳಿನ ಸಂಗ್ರಹಾಲಯವಿದೆ. ರಾಸಾಯನಿಕದಲ್ಲಿ ಕಾಪಿಟ್ಟು, ಅಡ್ಡಲಾಗಿ ಕತ್ತರಿಸಿದ ಮಿದುಳಿನ ಬಿಲ್ಲೆಯೊಂದನ್ನು ಹತ್ತಿರದಿಂದ ನೋಡಿ. ಹೊರ ಅಂಚಿನುದ್ದಕ್ಕೂ ತೆಳುವಾದ ಬೂದು ಗೆರೆಯೊಂದು ಓಡುತ್ತದೆ. ಮಿದುಳಿನ ಮೈ ಎಲ್ಲೆಲ್ಲಿ ಮಡಿಕೆ ಬಿದ್ದು ಒಳಕ್ಕೆ ಹೋಗಿದೆಯೋ ಅಲ್ಲೆಲ್ಲ ಆ ಗೆರೆಯೂ ಒಳಹೊಕ್ಕು ಹೊರಬರುತ್ತದೆ. ಅದರ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್, ಅಷ್ಟೇ. ಅದೇ ಮಿದುಳಿನ ತೊಗಟೆ, ವೈದ್ಯರ ಬಾಯಲ್ಲಿ ಕಾರ್ಟೆಕ್ಸ್. ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 2,000 ಚದರ ಸೆಂಟಿಮೀಟರ್ ಆದೀತು. ಅದರಲ್ಲಿ ಮೂರನೇ ಎರಡು ಪಾಲು ಮಡಿಕೆಗಳ ಒಳಗೇ ಅಡಗಿರುವುದರಿಂದ ಹೊರಗಿನಿಂದ ನಮಗೆ ಕಾಣುವುದು ಮೂರನೇ ಒಂದು ಪಾಲು ಮಾತ್ರ. ಇಷ್ಟು ಜಾಗದಲ್ಲಿ ಸುಮಾರು 1,600 ಕೋಟಿ ನರಕೋಶಗಳಿವೆ.

ಬಿಲ್ಲೆಯ ಒಳಗಿನ ಬಹುಭಾಗ ಬಿಳಿ. ನೋಡುವವರ ಕಣ್ಣು ಬೂದು ಅಂಚಿನ ಮೇಲೆಯೇ ನಿಲ್ಲುತ್ತದೆ, ಬಿಳಿಯದ್ದನ್ನು ಯಾರೂ ಕೇಳುವುದಿಲ್ಲ. ಈ ಅಧ್ಯಾಯದ ಮುಕ್ಕಾಲು ಉತ್ತರ ಇರುವುದು ಆ ಬಿಳಿಯಲ್ಲೇ. ಅದು ನರಕೋಶಗಳಿಂದ ಹೊರಟ ಸಣ್ಣ ಎಳೆಗಳ, ಅಂದರೆ ನರತಂತುಗಳ ರಾಶಿ. ತೊಗಟೆಯ ಒಂದು ಜಾಗವನ್ನು ಇನ್ನೊಂದು ಜಾಗಕ್ಕೆ, ಎಡ ಅರ್ಧವನ್ನು ಬಲ ಅರ್ಧಕ್ಕೆ, ಮೇಲಿನದನ್ನು ಬೆನ್ನುಹುರಿಗೆ ಸೇರಿಸುವುದು ಈ ತಂತುಗಳೇ. ಇಪ್ಪತ್ತರ ಹರೆಯದವರ ಮಿದುಳಿನಲ್ಲಿ ಇವನ್ನೆಲ್ಲ ಒಂದರ ತುದಿಗೆ ಒಂದನ್ನು ಸೇರಿಸಿದರೆ ಒಂದೂವರೆ ಲಕ್ಷ ಕಿಲೋಮೀಟರ್ ಮುಟ್ಟುತ್ತದೆ ಎಂಬ ಲೆಕ್ಕವಿದೆ. ಎಡಬಲಗಳ ನಡುವಿನ ಒಂದು ಸೇತುಪಟ್ಟಿಯಲ್ಲೇ ಸುಮಾರು 20 ಕೋಟಿ ತಂತುಗಳು ಹಾದುಹೋಗುತ್ತವೆ.

ತೊಗಟೆಯನ್ನು ನಾಲ್ಕು ಹಾಲೆಗಳಾಗಿ ಗುರುತಿಸುವುದು ವಾಡಿಕೆ: ಹಣೆಯ ಹಿಂದೆ ಮುಂದಲೆಯ ಹಾಲೆ, ಅದರ ಹಿಂದೆ ನೆತ್ತಿಯ ಹಾಲೆ, ಕಿವಿಯ ಬಳಿ ಕಣತಲೆಯ ಹಾಲೆ, ತೀರಾ ಹಿಂದೆ ಹಿಂದಲೆಯ ಹಾಲೆ. 1909ರಲ್ಲಿ ಜರ್ಮನಿಯ ಕೊರ್ಬಿನಿಯನ್ ಬ್ರಾಡ್‌ಮನ್ ತೊಗಟೆಯ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕೋಶಗಳ ಜೋಡಣೆಯಲ್ಲಿ ಕಂಡ ಸಣ್ಣ ವ್ಯತ್ಯಾಸಗಳನ್ನು ಹಿಡಿದು 52ರವರೆಗೆ ಸಂಖ್ಯೆ ಕೊಟ್ಟರು. ವೈದ್ಯರು ಇಂದಿಗೂ ಆ ಸಂಖ್ಯೆಗಳನ್ನು ಬಳಸುತ್ತಾರೆ. ವ್ಯತ್ಯಾಸಗಳು ನಿಜ. ಆದರೆ ನನಗೆ ಹೆಚ್ಚು ಬೆರಗು ತರುವುದು ಅವುಗಳ ನಡುವಿನ ಹೋಲಿಕೆ. ನೋಡುವ ಜಾಗ, ಕೇಳುವ ಜಾಗ, ಮಾತಿನ ಜಾಗ, ಯಾವುದನ್ನೇ ತೆಗೆದುಕೊಳ್ಳಿ, ಕೋಶಗಳು ಆರು ಸಾಲುಗಳಲ್ಲಿ ಕೂತಿವೆ. ತೊಗಟೆಯ ಬಹುಪಾಲು ಒಂದೇ ಮಾದರಿಯ ಹೆಣಿಗೆ.

'ಟಾನ್' ಎಂದಷ್ಟೇ ಹೇಳುತ್ತಿದ್ದ ರೋಗಿ

1861ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯ ಶಸ್ತ್ರವೈದ್ಯ ಪಾಲ್ ಬ್ರೋಕಾ ಅವರ ವಾರ್ಡಿಗೆ ಲೆಬೋರ್ನ್ ಎಂಬ 51 ವರ್ಷದ ರೋಗಿ ಬಂದ. ಬಂದದ್ದು ಕಾಲಿನ ಸೋಂಕಿಗೆ. ಆದರೆ ಅವನು ಆ ಆಸ್ಪತ್ರೆಯಲ್ಲೇ 21 ವರ್ಷಗಳಿಂದ ಇದ್ದವನು. ಏನು ಕೇಳಿದರೂ 'ಟಾನ್, ಟಾನ್' ಎನ್ನುತ್ತಿದ್ದ, ಹಾಗಾಗಿ ಅಲ್ಲಿಯವರು ಅವನನ್ನು ಟಾನ್ ಎಂದೇ ಕರೆಯುತ್ತಿದ್ದರು. ಕೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು. ಕೈಸನ್ನೆಯಲ್ಲಿ, ಬೆರಳೆಣಿಕೆಯಲ್ಲಿ ಉತ್ತರ ಕೊಡುತ್ತಿದ್ದ. ತಾನು ಹೇಳಿದ್ದು ಎದುರಿನವರಿಗೆ ತಿಳಿಯದೆ ಸಿಟ್ಟು ಬಂದಾಗ ಮಾತ್ರ ಬೈಗುಳವೊಂದು ಸ್ಪಷ್ಟವಾಗಿ ಹೊರಬೀಳುತ್ತಿತ್ತು. ಮಾತು ಹೋಗಿ ವರ್ಷಗಳಾದ ಮೇಲೆ ಅವನ ಬಲಗೈ ಸೋತಿತ್ತು, ಆಮೇಲೆ ಬಲಗಾಲು.

ಕೆಲವೇ ದಿನಗಳಲ್ಲಿ ಲೆಬೋರ್ನ್ ತೀರಿಕೊಂಡ. ಬ್ರೋಕಾ ಮಿದುಳನ್ನು ತೆಗೆದು ನೋಡಿದಾಗ ಎಡಗಡೆಯ ಮುಂದಲೆಯ ಹಾಲೆಯ ಕೆಳಭಾಗ ಹಾಳಾಗಿತ್ತು. ಮುಂದೆ ಇಂಥವೇ ಇನ್ನಷ್ಟು ಮಿದುಳುಗಳನ್ನು ನೋಡಿ, ನಾವು ಮಾತಾಡುವುದು ಎಡ ಅರ್ಧದಿಂದ ಎಂದು 1865ರಲ್ಲಿ ಸಾರಿದರು. ಬಲಗೈ ಬಳಸುವವರಲ್ಲಿ ನೂರಕ್ಕೆ ತೊಂಬತ್ತೈದು ಮಂದಿಗೆ ಈ ಮಾತು ನಿಜ. ಎಡಚರಲ್ಲೂ ಬಹುಪಾಲು ಜನರ ಮಾತು ಎಡಗಡೆಯೇ ಇದೆ.

1874ರಲ್ಲಿ 26 ವರ್ಷದ ಕಾರ್ಲ್ ವರ್ನಿಕೆ ಇದಕ್ಕೆ ತದ್ವಿರುದ್ಧವಾದ ರೋಗಿಗಳ ಬಗ್ಗೆ ಬರೆದರು. ಅವರು ನಿರರ್ಗಳವಾಗಿ ಮಾತಾಡುತ್ತಾರೆ, ಆದರೆ ಮಾತಿಗೆ ಅರ್ಥವಿಲ್ಲ, ಎದುರಿನವರ ಮಾತೂ ತಲೆಗೆ ಹೋಗುವುದಿಲ್ಲ. ಅಲ್ಲಿ ಕೆಟ್ಟಿರುವುದು ಕಿವಿಯ ಹಿಂಬದಿಗೆ ಹತ್ತಿರವಿರುವ, ಕಣತಲೆಯ ಹಾಲೆಯ ಹಿಂಭಾಗ. ವರ್ನಿಕೆ ಅಲ್ಲಿಗೇ ನಿಲ್ಲಲಿಲ್ಲ. ಕೇಳುವ ಜಾಗ ಒಂದು, ಆಡುವ ಜಾಗ ಇನ್ನೊಂದು ಎಂದಾದರೆ ಇವೆರಡರ ನಡುವೆ ತಂತುಗಳು ಇರಲೇಬೇಕು. ಅವಷ್ಟೇ ಕಡಿದರೆ ಮೂರನೆಯ ಬಗೆಯ ತೊಂದರೆ ಹುಟ್ಟಬೇಕು ಎಂದು ಮುಂಚಿತವಾಗಿಯೇ ಲೆಕ್ಕ ಹಾಕಿದರು. ಅಂಥ ರೋಗಿಗಳು ಆಮೇಲೆ ಸಿಕ್ಕರು. ಅವರು ಕೇಳಿದ್ದನ್ನು ಅರ್ಥ ಮಾಡಿಕೊಳ್ಳುತ್ತಾರೆ, ತಾವಾಗಿ ಮಾತೂ ಆಡುತ್ತಾರೆ. ಹೇಳಿಕೊಟ್ಟ ಒಂದು ವಾಕ್ಯವನ್ನು ಹಾಗೆಯೇ ಹೇಳಿ ಎಂದರೆ ತಡವರಿಸುತ್ತಾರೆ.

ಲೆಬೋರ್ನ್‌ನ ಮಿದುಳನ್ನು ಬ್ರೋಕಾ ಕತ್ತರಿಸದೆ ಇಡಿಯಾಗಿ ಕಾಪಿಟ್ಟಿದ್ದರು. ಆ ದೂರದೃಷ್ಟಿಯಿಂದಾಗಿ ಅದನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಲು ಸಾಧ್ಯವಾಯಿತು. 2007ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಗೊತ್ತಾದದ್ದು ಏನೆಂದರೆ, ಗಾಯ ಮೇಲಿನ ತೊಗಟೆಯಲ್ಲಷ್ಟೇ ಇರಲಿಲ್ಲ. ಅದು ಆಳಕ್ಕೆ ಇಳಿದು, ಹಿಂದಿನ ಹಾಲೆಗಳಿಂದ ಮುಂದಕ್ಕೆ ಬರುವ ತಂತುಗಳನ್ನೂ ಕಡಿದಿತ್ತು.

ಅಜ್ಜಿಯ ದೇವರನಾಮಕ್ಕೂ ಲೆಬೋರ್ನ್‌ನ ಬೈಗುಳಕ್ಕೂ ಈಗ ಅರ್ಧ ಉತ್ತರ ಸಿಕ್ಕಂತೆ. ಹೊಸ ವಾಕ್ಯವೆಂದರೆ ಒಂದೊಂದು ಪದವನ್ನೂ ಹುಡುಕಿ ಜೋಡಿಸಬೇಕು, ಅದು ಎಡಗಡೆಯ ಆ ಜಾಲದ ಕೆಲಸ. ಬಾಯಿಪಾಠವಾದದ್ದನ್ನು ಜೋಡಿಸಬೇಕಿಲ್ಲ, ಒಂದು ಪದದ ಹಿಂದೆ ಇನ್ನೊಂದು ತಾನಾಗಿ ಬರುತ್ತದೆ. ಜೊತೆಗೆ ರಾಗದ ಕೆಲಸದಲ್ಲಿ ಬಲ ಅರ್ಧಕ್ಕೆ ದೊಡ್ಡ ಪಾಲಿದೆ. ಪದಗಳನ್ನು ರಾಗವಾಗಿ ಹೇಳಿಸಿ, ಎಡಗೈಯಲ್ಲಿ ತಾಳ ತಟ್ಟಿಸುತ್ತ ಮಾತು ಮರಳಿಸುವ ಚಿಕಿತ್ಸೆ 1970ರ ದಶಕದಿಂದ ಬಳಕೆಯಲ್ಲಿದೆ.

ಹೆಬ್ಬೆರಳಿಗೆ ಅಷ್ಟು ಜಾಗ

ಕೈಕಾಲಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಅಲ್ಲಿನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಮಿದುಳನ್ನು ಮುಟ್ಟಿದರೆ ನೋವಾಗುವುದಿಲ್ಲ, ಏಕೆಂದರೆ ನೋವು ತಿಳಿಸುವ ನರಗಳು ಮಿದುಳಿನ ಒಳಗೆ ಇಲ್ಲ. ತಲೆಯ ಚರ್ಮಕ್ಕಷ್ಟೇ ಮರಗಟ್ಟುವ ಸೂಜಿ ಕೊಟ್ಟು, ರೋಗಿ ಎಚ್ಚರವಿರುವಾಗಲೇ ತಲೆಬುರುಡೆ ತೆರೆದು ತೊಗಟೆಗೆ ಸಣ್ಣ ವಿದ್ಯುತ್ ತಾಗಿಸುತ್ತಿದ್ದರು. ಒಂದು ಕಡೆ ತಾಗಿಸಿದರೆ ಹೆಬ್ಬೆರಳು ಮಿಡಿಯುತ್ತಿತ್ತು. ಸ್ವಲ್ಪ ಪಕ್ಕಕ್ಕೆ ಹೋದರೆ ತುಟಿ ಅದುರುತ್ತಿತ್ತು. ಇನ್ನೂ ಹಿಂದಕ್ಕೆ ಸರಿದರೆ "ಯಾರೋ ಕೈ ಮುಟ್ಟಿದ ಹಾಗಾಯಿತು" ಎಂಬರ್ಥದ ಮಾತು ರೋಗಿಯಿಂದ ಬರುತ್ತಿತ್ತು. ಒಂದೊಂದು ತಾಣದ ಮೇಲೂ ಸಂಖ್ಯೆ ಬರೆದ ಪುಟ್ಟ ಕಾಗದದ ಚೀಟಿ ಇಡುತ್ತಿದ್ದರು. ಕೆಡಿಸಬಾರದ ಜಾಗ ಯಾವುದು, ತೆಗೆಯಬಹುದಾದ ಜಾಗ ಯಾವುದು ಎಂದು ತಿಳಿಯಲು ಆಗ ಇದ್ದದ್ದು ಅದೊಂದೇ ದಾರಿ.

1937ರಲ್ಲಿ ಅವರೂ ಸಹೋದ್ಯೋಗಿ ಬೋಲ್ಡ್ರೀ ಅವರೂ ಇದನ್ನೆಲ್ಲ ಸೇರಿಸಿ ಪ್ರಕಟಿಸಿದರು. ಮುಂದಲೆಯ ಹಾಲೆಯ ಹಿಂದಿನ ಅಂಚಿನಲ್ಲಿ, ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಪಟ್ಟಿಯೊಂದಿದೆ. ಚಲನೆಯ ಆಜ್ಞೆಗಳು ಮುಖ್ಯವಾಗಿ ಹೊರಡುವುದು ಅಲ್ಲಿಂದ. ಅದಕ್ಕೆ ಅಂಟಿಕೊಂಡಂತೆ ಹಿಂದೆ, ನೆತ್ತಿಯ ಹಾಲೆಯಲ್ಲಿ, ಸ್ಪರ್ಶ ಬಂದು ತಲುಪುವ ಪಟ್ಟಿ. ಎರಡರಲ್ಲೂ ದೇಹ ತಲೆಕೆಳಗಾಗಿ ಸಾಲುಗೊಂಡಿದೆ: ಪಾದ ಮೇಲೆ ಒಳಮಗ್ಗುಲಲ್ಲಿ, ಕೆಳಗೆ ಬರುತ್ತ ಮುಂಡ, ತೋಳು, ಕೈ, ಮುಖ, ನಾಲಗೆ. ಜಾಗ ಹಂಚಿಕೆ ಮಾತ್ರ ಅಂಗದ ಗಾತ್ರ ನೋಡಿ ಆದದ್ದಲ್ಲ. ಇಡೀ ಬೆನ್ನಿಗಿಂತ ಬೆರಳುಗಳಿಗೆ, ತುಟಿಗೆ, ನಾಲಗೆಗೆ ಹೆಚ್ಚು ಜಾಗ. ನಾಜೂಕು ಕೆಲಸ ಎಲ್ಲಿ ಹೆಚ್ಚೋ ಅಲ್ಲಿಂದ ಬರುವ, ಅಲ್ಲಿಗೆ ಹೋಗುವ ತಂತುಗಳೂ ಹೆಚ್ಚು, ತೊಗಟೆಯ ಪಾಲೂ ಹೆಚ್ಚು.

ಈಗ ಲಕ್ವದ ಲೆಕ್ಕ ಕೂಡಿಬರುತ್ತದೆ. ಚಲನೆಯ ತಂತುಗಳು ಮಿದುಳಿನಿಂದ ಬೆನ್ನುಹುರಿಗೆ ಇಳಿಯುವಾಗ ಅಡ್ಡಹಾಯ್ದು ಎದುರು ಮಗ್ಗುಲಿಗೆ ಹೋಗುತ್ತವೆ. ಹಾಗಾಗಿ ಬಲಗೈಯನ್ನು ಆಳುವುದು ಎಡಮಿದುಳು. ಎಡಮಿದುಳಿನ ಪಕ್ಕಮೈಗೆ ರಕ್ತ ಒಯ್ಯುವ ದೊಡ್ಡ ಧಮನಿಯೊಂದು ಕೈ, ಮುಖ, ಮಾತು ಮೂರರ ಜಾಗಕ್ಕೂ ರಕ್ತ ಕೊಡುತ್ತದೆ. ಅದು ಕಟ್ಟಿಕೊಂಡರೆ ಮೂರೂ ಒಟ್ಟಿಗೆ ಬೀಳುತ್ತವೆ. ಕಾಲಿನ ಜಾಗ ಒಳಮಗ್ಗುಲಲ್ಲಿದೆ, ಅದಕ್ಕೆ ರಕ್ತ ಬರುವುದು ಬೇರೊಂದು ಧಮನಿಯಿಂದ. ಕಾಲು ಬಂದರೂ ಕೈ ಬಾರದಿರುವುದಕ್ಕೆ ದೊಡ್ಡ ಕಾರಣ ಇದೇ.

ಇದನ್ನು ಓದುವಾಗಲೇ ಒಂದು ಮಾತು ನೆನಪಿಟ್ಟುಕೊಳ್ಳಿ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ನಾಟಿ ಔಷಧ, ಎಣ್ಣೆ ಎಂದು ಹೊತ್ತು ಕಳೆಯಬಾರದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಕೊಡುವುದು ನಾಲ್ಕೂವರೆ ಗಂಟೆಯೊಳಗೆ. ಅದಕ್ಕೆ ಮೊದಲು ಸ್ಕ್ಯಾನ್ ಆಗಲೇಬೇಕು. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು.

ಗುಂಡು ಹಾದುಹೋದ ತಲೆಗಳು

ನೋಡುವ ಜಾಗ ಕಣ್ಣಿನಿಂದ ಅತಿ ದೂರದಲ್ಲಿದೆ, ತಲೆಯ ತೀರಾ ಹಿಂಬದಿಯಲ್ಲಿ. ಅದರ ಒಳವಿವರ ತಿಳಿದದ್ದು ಯುದ್ಧದಿಂದ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ಹೊಸ ಬಂದೂಕುಗಳ ಸಣ್ಣ ಗುಂಡುಗಳು ತಲೆಬುರುಡೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುತ್ತಿದ್ದವು. ಎಷ್ಟೋ ಸೈನಿಕರು ಬದುಕಿ ಉಳಿದರು. ಅವರ ದೃಷ್ಟಿ ಎಷ್ಟು ಹೋಗಿದೆ ಎಂದು ಪಿಂಚಣಿಗಾಗಿ ತಪಾಸಣೆ ಮಾಡುವ ಕೆಲಸ ಕಣ್ಣಿನ ವೈದ್ಯ ತತ್ಸುಜಿ ಇನೌಯೆ ಅವರದಾಗಿತ್ತು. ಗುಂಡು ಹೊಕ್ಕ ತೂತಿನಿಂದ ಹೊರಟ ತೂತಿಗೆ ಗೆರೆ ಎಳೆದು ಅದು ತೊಗಟೆಯ ಯಾವ ಭಾಗ ಹಾದಿದೆ ಎಂದು ಲೆಕ್ಕ ಹಾಕಿದರು. ನೋಟದ ಯಾವ ಮೂಲೆ ಕುರುಡಾಗಿದೆ ಎಂಬುದರ ಜೊತೆ ಅದನ್ನು ತಾಳೆ ನೋಡಿದರು. 1909ರಲ್ಲಿ ಅವರ ಪುಸ್ತಕ ಬಂತು. ಕಣ್ಣಿಗೆ ಕಾಣುವ ಲೋಕವೂ ಹಿಂದಲೆಯ ತೊಗಟೆಯಲ್ಲಿ ಕ್ರಮವಾಗಿ ಹರಡಿಕೊಂಡಿದೆ, ಎಡದ ನೋಟ ಬಲಮಿದುಳಿಗೆ, ಬಲದ್ದು ಎಡಕ್ಕೆ. ಇಲ್ಲೂ ಹೆಬ್ಬೆರಳಿನ ನ್ಯಾಯವೇ: ನಾವು ನೆಟ್ಟು ನೋಡುವ ನಡುವಿನ ಚಿಕ್ಕ ಭಾಗಕ್ಕೆ ಬಹಳ ದೊಡ್ಡ ಜಾಗ.

ಹಿಂದಲೆಯಿಂದ ನೋಟದ ಸುದ್ದಿ ಮುಂದಕ್ಕೆ ಹೋಗುತ್ತ ಬಣ್ಣಕ್ಕೊಂದು, ಮುಖಕ್ಕೊಂದು, ಚಲನೆಗೊಂದು ಎಂದು ಬೇರೆ ಬೇರೆ ಜಾಗಗಳಿಗೆ ಹಂಚಿಹೋಗುತ್ತದೆ. 1983ರಲ್ಲಿ ಜರ್ಮನಿಯ ಸಂಶೋಧಕರು ವರದಿ ಮಾಡಿದ ಮಹಿಳೆಯೊಬ್ಬರಿಗೆ ಚಲನೆಯ ಜಾಗ ಎರಡೂ ಕಡೆ ಕೆಟ್ಟಿತ್ತು. ಬಟ್ಟಲಿಗೆ ಚಹಾ ಬಗ್ಗಿಸುವಾಗ ಧಾರೆ ನಿಂತುಬಿಟ್ಟ ಹಾಗೆ ಕಾಣುತ್ತಿತ್ತು. ಬಟ್ಟಲು ತುಂಬುತ್ತ ಬರುವುದು ಕಾಣದೆ ಚಹಾ ಚೆಲ್ಲಿಹೋಗುತ್ತಿತ್ತು. ರಸ್ತೆ ದಾಟಲು ನಿಂತರೆ ದೂರದಲ್ಲಿದ್ದ ಕಾರು ಮರುಕ್ಷಣ ಎದುರಿಗೇ ಇರುತ್ತಿತ್ತು, ನಡುವೆ ಅದು ಬಂದದ್ದು ಕಾಣುತ್ತಿರಲಿಲ್ಲ. ಬಣ್ಣ, ಆಕಾರ, ಓದು ಇವುಗಳಲ್ಲಿ ಅವರಿಗೆ ಹೆಚ್ಚಿನ ತೊಂದರೆ ಇರಲಿಲ್ಲ.

ಬಲಗಡೆಯ ನೆತ್ತಿಯ ಹಾಲೆ ಕೆಟ್ಟಾಗ ಆಗುವುದು ಇನ್ನೂ ವಿಚಿತ್ರ. ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಲೋಕವೇ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಬಲಭಾಗದ ಅನ್ನವನ್ನಷ್ಟೇ ಉಂಡು, ಇನ್ನೂ ಹಸಿವು ಎನ್ನುವವರಿದ್ದಾರೆ. 1978ರಲ್ಲಿ ಇಟಲಿಯ ಬಿಸಿಯಾಕ್ ಮತ್ತು ಲುಝಾಟಿ ಇಂಥ ಇಬ್ಬರು ರೋಗಿಗಳಿಗೆ, ಮಿಲಾನ್ ನಗರದ ದೊಡ್ಡ ಚರ್ಚಿನ ಎದುರಿನ ಚೌಕವನ್ನು ಮನಸ್ಸಿನಲ್ಲೇ ನೆನೆದುಕೊಳ್ಳಿ ಎಂದರು. ಚರ್ಚಿಗೆ ಮುಖ ಮಾಡಿ ನಿಂತಿದ್ದೀರಿ, ಏನೇನು ಕಾಣುತ್ತದೆ? ಅವರು ಬಲಗಡೆಯ ಕಟ್ಟಡಗಳನ್ನಷ್ಟೇ ಹೆಸರಿಸಿದರು. ಈಗ ಚರ್ಚಿಗೆ ಬೆನ್ನು ಮಾಡಿ ನಿಂತಿದ್ದೀರಿ ಎಂದಾಗ, ಅಷ್ಟು ಹೊತ್ತು ಬಿಟ್ಟಿದ್ದ ಕಟ್ಟಡಗಳೆಲ್ಲ ನೆನಪಿಗೆ ಬಂದವು. ಮೊದಲು ಹೇಳಿದ್ದವು ಮಾಯವಾದವು. ನೆನಪು ಎರಡೂ ಕಡೆಯದು ಇತ್ತು. ಇಲ್ಲದ್ದು ಎಡಕ್ಕೆ ಗಮನ ತಿರುಗಿಸುವ ಶಕ್ತಿ.

ಬರೆಯಬಲ್ಲ, ಓದಲಾರ

ಇಲ್ಲಿಯವರೆಗಿನದನ್ನು ಓದಿದರೆ ತೊಗಟೆಯ ತುಂಬ ಒಂದೊಂದು ಕೆಲಸಕ್ಕೆ ಒಂದೊಂದು ಜಾಗ ಗೊತ್ತಾಗಿದೆ, ಆ ಜಾಗ ಕೆಟ್ಟರೆ ಆ ಕೆಲಸ ಕೆಡುತ್ತದೆ ಎನ್ನಿಸುತ್ತದೆ. ಈ ಸರಳ ಲೆಕ್ಕಕ್ಕೆ ಸಿಗದ ರೋಗಿಯೊಬ್ಬ ಪ್ಯಾರಿಸ್‌ನಲ್ಲಿ ಇದ್ದ. ನನ್ನ ದೃಷ್ಟಿಯಲ್ಲಿ ತೊಗಟೆಯ ಬಗ್ಗೆ ಅವನಿಗಿಂತ ಹೆಚ್ಚು ಕಲಿಸಿದವರು ಇಲ್ಲ.

1887ರ ಅಕ್ಟೋಬರ್‌ನಲ್ಲಿ, ಬಟ್ಟೆ ವ್ಯಾಪಾರದಿಂದ ನಿವೃತ್ತನಾಗಿದ್ದ, ಓದಿನ ಗೀಳಿದ್ದ ಆ ಮನುಷ್ಯನಿಗೆ ಇದ್ದಕ್ಕಿದ್ದಂತೆ ಒಂದು ಪದವನ್ನೂ ಓದಲು ಬಾರದಾಯಿತು. ಕಣ್ಣು ಕೆಟ್ಟಿತೆಂದು ಕಣ್ಣಿನ ವೈದ್ಯರಲ್ಲಿಗೆ ಹೋದ. ಅಕ್ಷರದ ಆಕಾರವನ್ನು ಅವನು ವರ್ಣಿಸಬಲ್ಲವನಾಗಿದ್ದ, ನೋಡಿ ಅದರ ರೂಪವನ್ನು ತಿದ್ದಬಲ್ಲವನಾಗಿದ್ದ, ಅದು ಯಾವ ಅಕ್ಷರ ಎಂದು ಹೇಳಲಾರ. ಮಾತು ಸರಿಯಾಗಿತ್ತು. ಹೇಳಿ ಬರೆಸಿದರೆ ಬರೆಯುತ್ತಿದ್ದ. ಸ್ವಲ್ಪ ಹೊತ್ತಿನ ಬಳಿಕ ಅದನ್ನೇ ಮುಂದೆ ಹಿಡಿದರೆ, ತಾನೇ ಬರೆದದ್ದನ್ನು ಓದಲಾಗುತ್ತಿರಲಿಲ್ಲ. ಅಕ್ಷರದ ಮೇಲೆ ಬೆರಳಾಡಿಸಿದರೆ ಮಾತ್ರ ಗುರುತು ಹತ್ತುತ್ತಿತ್ತು.

ಓದಿನ ಜಾಗ ಕೆಟ್ಟಿದ್ದರೆ ಬರೆಯುವುದು ಹೇಗೆ? ನಾಲ್ಕು ವರ್ಷದ ಮೇಲೆ, 1892ರಲ್ಲಿ, ಅವನು ತೀರಿಕೊಂಡಾಗ ನರತಜ್ಞ ಜೂಲ್ ದೆಜೆರೀನ್ ಮಿದುಳನ್ನು ಪರೀಕ್ಷಿಸಿದರು. ಹಳೆಯ ಗಾಯ ಎರಡು ಕಡೆ ಇತ್ತು. ಒಂದು ಎಡಗಡೆಯ ಹಿಂದಲೆಯ ಹಾಲೆಯಲ್ಲಿ. ಅದರಿಂದ ಬಲಭಾಗದ ನೋಟ ಹೋಗಿತ್ತು. ಇನ್ನೊಂದು ಎಡಬಲಗಳನ್ನು ಸೇರಿಸುವ ಸೇತುಪಟ್ಟಿಯ ಹಿಂತುದಿಯಲ್ಲಿ. ಬಲಗಡೆಯ ಹಿಂದಲೆ ಚೆನ್ನಾಗಿತ್ತು, ಅಕ್ಷರ ಅಲ್ಲಿ ಕಾಣುತ್ತಿತ್ತು. ಎಡಗಡೆಯ ಭಾಷೆಯ ಜಾಗಗಳೂ ಚೆನ್ನಾಗಿದ್ದವು, ಅದಕ್ಕೇ ಅವನು ಮಾತಾಡುತ್ತಿದ್ದ, ಬರೆಯುತ್ತಿದ್ದ. ಕಂಡ ಅಕ್ಷರ ಬಲದಿಂದ ಎಡಕ್ಕೆ ದಾಟುವ ತಂತುಗಳೇ ಕಡಿದುಹೋಗಿದ್ದವು. ಬೆರಳಿನ ಚಲನೆಯ ಸುದ್ದಿ ಬೇರೆ ದಾರಿಯಲ್ಲಿ ಎಡಕ್ಕೆ ತಲುಪುತ್ತಿತ್ತು, ಅದಕ್ಕೇ ಬೆರಳಾಡಿಸಿದಾಗ ಗುರುತು ಸಿಗುತ್ತಿತ್ತು. ಅಕ್ಷರ ಕಾಣುವ ಜಾಗವೂ ಭಾಷೆಯ ಜಾಗಗಳೂ ಉಳಿದಿದ್ದರೂ ಅವುಗಳ ನಡುವಿನ ದಾರಿ ಹೋದದ್ದರಿಂದ ಕೆಲಸ ಹೋಯಿತು.

ಈ ತೊಂದರೆ ಲಿಪಿ ನೋಡಿ ಬರುವುದಲ್ಲ. ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಇಂಥ ರೋಗಿಯೊಬ್ಬರ ಬಗ್ಗೆ ಭಾಷಾದೋಷ ತಜ್ಞೆ ಪ್ರತಿಭಾ ಕಾರಂತ 1981ರಲ್ಲೇ ಬರೆದಿದ್ದಾರೆ.

ಜಾಗ ಒಂದೇ, ತಂತು ಬೇರೆ

ಮನೆ ಕಟ್ಟುವಾಗ ಎಲ್ಲ ಕೋಣೆಗೂ ಅದೇ ಇಟ್ಟಿಗೆ, ಅದೇ ಗಾರೆ. ನೀರಿನ ಕೊಳವೆ ಬಂದು ಮೋರಿ ಹೊರಗೆ ಹೋಗುವ ಕೋಣೆ ಬಚ್ಚಲುಮನೆಯಾಗುತ್ತದೆ. ಒಲೆಕಟ್ಟೆ, ಹೊಗೆ ಹೋಗುವ ಕಿಂಡಿ ಇರುವ ಕೋಣೆ ಅಡುಗೆಮನೆಯಾಗುತ್ತದೆ. ಗೋಡೆಯ ಇಟ್ಟಿಗೆಯನ್ನು ಎಷ್ಟು ಕೆದಕಿ ನೋಡಿದರೂ ಇದು ಬಚ್ಚಲೋ ಅಡುಗೆಮನೆಯೋ ಎಂಬುದು ತಿಳಿಯದು. ಏನು ಒಳಬರುತ್ತದೆ, ಏನು ಹೊರಹೋಗುತ್ತದೆ ಎಂದು ನೋಡಬೇಕು. ತೊಗಟೆಯ ಗುಟ್ಟೂ ಬಹುಮಟ್ಟಿಗೆ ಇಷ್ಟೇ. ಆರು ಸಾಲಿನ ಅದೇ ಹೆಣಿಗೆಗೆ ಕಣ್ಣಿನ ತಂತುಗಳು ಬಂದು ಸೇರಿದರೆ ಅದು ನೋಟದ ಜಾಗ, ಕಿವಿಯವು ಬಂದರೆ ಕೇಳುವ ಜಾಗ. ಅಲ್ಲಿಂದ ತಂತುಗಳು ಬೆನ್ನುಹುರಿಗೆ ಹೋದರೆ ಚಲನೆಯ ಜಾಗ.

ಇದು ಬರೀ ಊಹೆಯಲ್ಲ. ಕಾನ್ಪುರದ ಐಐಟಿಯಲ್ಲಿ ಓದಿ, ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ನಡೆಸುವ ಮೃಗಾಂಕ ಸೂರ್ ಮತ್ತು ಸಂಗಡಿಗರು ಫೆರೆಟ್ ಎಂಬ ಚಿಕ್ಕ ಪ್ರಾಣಿಯ ಎಳೆಮರಿಗಳಲ್ಲಿ ಪರೀಕ್ಷೆ ನಡೆಸಿದರು. ಕಿವಿಯಿಂದ ಬರುವ ದಾರಿಯನ್ನು ತಡೆದು, ಕಣ್ಣಿನ ತಂತುಗಳು ಕೇಳುವ ಜಾಗದ ಕಡೆಗೆ ಬೆಳೆಯುವಂತೆ ಮಾಡಿದರು. ಮರಿಗಳು ದೊಡ್ಡವಾದ ಮೇಲೆ ಕೇಳುವ ಜಾಗದ ಕೋಶಗಳು ನೋಟದ ಜಾಗದವುಗಳಂತೆ ಗೆರೆಗಳ ಓರೆಗೆ ಸ್ಪಂದಿಸತೊಡಗಿದವು, ಆದರೆ ಅಷ್ಟು ಅಚ್ಚುಕಟ್ಟಾಗಿ ಅಲ್ಲ. ಆ ಪ್ರಾಣಿಗಳ ವರ್ತನೆಯನ್ನೂ ನೋಡಿದರು. ಬದಲಾದ ಕಡೆಗಷ್ಟೇ ತಲುಪುವಂತೆ ಬೆಳಕು ತೋರಿಸಿದಾಗ ಅವು ಬೆಳಕು ಕಂಡಂತೆಯೇ ನಡೆದುಕೊಂಡವು, ಸದ್ದು ಕೇಳಿದಂತೆ ಅಲ್ಲ. 2000ರಲ್ಲಿ ಪ್ರಕಟವಾದ ಈ ಫಲಿತಾಂಶಗಳು ಹಳೆಯ ನಂಬಿಕೆಯ ಬುಡವನ್ನೇ ಅಲುಗಿಸಿದವು.

ಮನುಷ್ಯರಲ್ಲಿ ಇದೇ ಕೆಲಸವನ್ನು ಬದುಕೇ ಮಾಡಿ ತೋರಿಸಿದೆ. ಹುಟ್ಟಿನಿಂದ ಕಣ್ಣಿಲ್ಲದವರು ಬ್ರೈಲ್ ಚುಕ್ಕಿಗಳ ಮೇಲೆ ಬೆರಳಾಡಿಸಿ ಓದುವಾಗ ಅವರ ಹಿಂದಲೆಯ ತೊಗಟೆ, ನಮ್ಮಲ್ಲಿ ನೋಟಕ್ಕೆ ಮೀಸಲಾದ ಜಾಗ, ದುಡಿಯುತ್ತದೆ ಎಂದು 1996ರಲ್ಲಿ ಕಂಡುಬಂತು. ಅದು ಸುಮ್ಮನೆ ಜೊತೆಗೂಡುವ ಚಟುವಟಿಕೆಯಲ್ಲ ಎಂಬುದಕ್ಕೆ 2000ರಲ್ಲಿ ವರದಿಯಾದ ಅಂಧ ಮಹಿಳೆಯೇ ಸಾಕ್ಷಿ. ಸರಾಗವಾಗಿ ಬ್ರೈಲ್ ಓದುತ್ತಿದ್ದ ಅವರಿಗೆ ಹಿಂದಲೆಯ ಎರಡೂ ಕಡೆ ಪಾರ್ಶ್ವವಾಯು ತಗುಲಿತು. ಬೆರಳಿಗೆ ಚುಕ್ಕಿಗಳು ಮೊದಲಿನಂತೆಯೇ ತಿಳಿಯುತ್ತಿದ್ದವು. ಓದು ಮಾತ್ರ ಹೋಯಿತು.

ಕೈ ಕಳೆದುಕೊಂಡವರ ಅನುಭವವೂ ಇಲ್ಲಿಗೇ ಸೇರುತ್ತದೆ. ಇಲ್ಲದ ಕೈ ಇದ್ದಂತೆ ಅನ್ನಿಸುವುದು, ನೋಯುವುದು ಹಳೆಯ ಕಾಲದಿಂದ ಗೊತ್ತಿದ್ದ ಸಂಗತಿ. ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್ 1990ರ ದಶಕದ ಮೊದಲಲ್ಲಿ ಅಂಥವರ ಕೆನ್ನೆಯನ್ನು ಹತ್ತಿಯ ತುದಿಯಿಂದ ಮುಟ್ಟಿದರು. ಕೆಲವರಿಗೆ ಇಲ್ಲದ ಬೆರಳನ್ನು ಮುಟ್ಟಿದಂತಾಯಿತು. ಸ್ಪರ್ಶದ ಪಟ್ಟಿಯಲ್ಲಿ ಕೈಯ ಪಕ್ಕದಲ್ಲೇ ಮುಖವಿದೆ. ಸುದ್ದಿ ಬರುವುದು ನಿಂತ ಕೈಯ ಜಾಗದಲ್ಲಿ ಪಕ್ಕದ ಮುಖದ ಸುದ್ದಿ ಮೂಡತೊ​ಡಗಿದೆ ಎಂದು ಅವರು ವಿವರಿಸಿದರು.

ಓದಿಗೂ ಇದೇ ನ್ಯಾಯ. ಬರವಣಿಗೆ ಹುಟ್ಟಿ ಐದು ಸಾವಿರ ವರ್ಷವಷ್ಟೇ ಆಗಿದೆ. ಮಿದುಳಿನಲ್ಲಿ ಓದಿಗೆಂದೇ ಹುಟ್ಟಿನಿಂದ ಜಾಗ ಇರುವುದು ಸಾಧ್ಯವಿಲ್ಲ. ಆದರೂ ಓದುಬರಹ ಕಲಿತವರಲ್ಲಿ, ಲಿಪಿ ಯಾವುದೇ ಇರಲಿ, ಎಡಗಡೆಯ ಕೆಳಮೈಯಲ್ಲಿ ಹೆಚ್ಚುಕಡಿಮೆ ಒಂದೇ ತಾಣ ಅಕ್ಷರಗಳಿಗೆ ಮೀಸಲಾಗುತ್ತದೆ. ಅದು ಒಂದು ಕಡೆ ನೋಟದ ಜಾಗಗಳಿಗೂ ಇನ್ನೊಂದು ಕಡೆ ಭಾಷೆಯ ಜಾಗಗಳಿಗೂ ತಂತು ಕಳಿಸುವ ನೆಲೆ. ಅ ಆ ಇ ಈ ತಿದ್ದುವ ಮಗು ಆ ತಾಣಕ್ಕೆ ಕೆಲಸ ಕೊಡುತ್ತಿರುತ್ತದೆ.

ಮುಂದಲೆಯ ತಂತುಗಳನ್ನು ಕಡಿದ ಕಾಲ

ಮುಂದಲೆಯ ಹಾಲೆಯ ಮುಂಭಾಗಕ್ಕೆ ಇಂಥದೇ ಒಂದು ಕೆಲಸ ಎಂದು ಬೆರಳು ತೋರಿಸುವುದು ಕಷ್ಟ. ಬೇರೆಲ್ಲ ಹಾಲೆಗಳಿಂದಲೂ ತಂತುಗಳು ಅಲ್ಲಿಗೆ ಬರುತ್ತವೆ. ಮುಂದಿನದನ್ನು ಯೋಚಿಸುವುದು, ಕೈ ತಡೆಯುವುದು, ಹಿಡಿದ ಕೆಲಸ ಬಿಡದಿರುವುದು ಅದರ ಪಾಲು. ಅದು ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಬೇಕು. 1848ರಲ್ಲಿ ಅಮೆರಿಕದ ರೈಲುಹಾದಿಯ ಕೆಲಸಗಾರ ಫಿನಿಯಸ್ ಗೇಜ್‌ನ ಕೆನ್ನೆಯಿಂದ ನೆತ್ತಿಗೆ ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಹಾದುಹೋಗಿ, ಸೌಮ್ಯನಾಗಿದ್ದವನು ಒರಟನಾದ ಕಥೆಯನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅವನು ಆಮೇಲೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಬಂಡಿ ಓಡಿಸಿ ಬದುಕಿದ ಎಂಬುದನ್ನು ಹೇಳುವ ಪುಸ್ತಕಗಳು ಕಡಿಮೆ. ಆ ಅರ್ಧವನ್ನೂ ಹೇಳದಿದ್ದರೆ ಗೇಜ್‌ಗೆ ಅನ್ಯಾಯ.

ಅದಕ್ಕಿಂತ ದೊಡ್ಡ ಅನ್ಯಾಯ ನಡೆದದ್ದು ಇಪ್ಪತ್ತನೆಯ ಶತಮಾನದಲ್ಲಿ. 1935ರಲ್ಲಿ ಪೋರ್ಚುಗಲ್‌ನ ಎಗಾಸ್ ಮೋನಿಜ್ ಮಾನಸಿಕ ರೋಗಿಗಳ ಮುಂದಲೆಯ ಹಾಲೆಯ ಕೆಳಗಿನ ಬಿಳಿಯ ತಂತುಗಳನ್ನು ಕಡಿಯುವ ಚಿಕಿತ್ಸೆ ಆರಂಭಿಸಿದರು. 1949ರಲ್ಲಿ ಅದಕ್ಕೆ ನೊಬೆಲ್ ಬಹುಮಾನವೂ ಬಂತು. ಅಮೆರಿಕ, ಯೂರೋಪುಗಳಲ್ಲಿ ಹತ್ತಾರು ಸಾವಿರ ಜನರ ಮೇಲೆ ಇದು ನಡೆಯಿತು. ತೊಗಟೆ ಇದ್ದಲ್ಲೇ ಇತ್ತು. ತಂತು ಕಡಿದದ್ದರಿಂದ ಎಷ್ಟೋ ಮಂದಿ ಆಸೆ, ದುಃಖ, ಹಟ ಯಾವುದೂ ಇಲ್ಲದೆ ಉಳಿದ ಬದುಕನ್ನು ಕಳೆದರು. ವಿಜ್ಞಾನದ ಹೆಸರಲ್ಲಿ ನಡೆದ ಕ್ರೌರ್ಯ ಅದು, ಹಾಗೆಂದೇ ಅದನ್ನು ಬರೆಯಬೇಕು.

ನಿಮ್ಮಲ್ಲೊಂದು ಬಿನ್ನಹ

ತೊಗಟೆಯ ಬಗ್ಗೆ ಇಲ್ಲಿ ಹೇಳಿದ್ದರಲ್ಲಿ ಬಹುಪಾಲು ಗೊತ್ತಾದದ್ದು ರೋಗಿಗಳಿಂದ. ಲೆಬೋರ್ನ್‌ನ, ಆ ಬಟ್ಟೆ ವ್ಯಾಪಾರಿಯ ಮಿದುಳುಗಳನ್ನು ಅವರು ಸತ್ತ ಮೇಲೆ ಯಾರೋ ಜತನದಿಂದ ನೋಡದಿದ್ದರೆ ನಮಗೆ ಈ ತಿಳಿವಳಿಕೆ ಇರುತ್ತಿರಲಿಲ್ಲ. ಸ್ಕ್ಯಾನ್ ಯಂತ್ರಗಳು ಬಂದ ಮೇಲೂ ಮರೆವಿನ ಕಾಯಿಲೆ, ಪಾರ್ಕಿನ್‌ಸನ್ ಕಾಯಿಲೆಗಳಲ್ಲಿ ಕೋಶಗಳಿಗೆ ನಿಜವಾಗಿ ಏನಾಗುತ್ತದೆ ಎಂದು ನೋಡಲು ಮಿದುಳೇ ಬೇಕು.

ಕಣ್ಣಿನ ದಾನ ನಮ್ಮ ನಾಡಿಗೆ ಹೊಸದಲ್ಲ. ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು 2006ರಲ್ಲಿ ದಾನ ಮಾಡಲಾಯಿತು. 2021ರಲ್ಲಿ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಾಗ ಕಣ್ಣು ಕೊಡುತ್ತೇವೆಂದು ಸಾವಿರಾರು ಜನ ಮುಂದೆ ಬಂದರು. ಮಿದುಳನ್ನೂ ದಾನ ಮಾಡಬಹುದು ಎಂಬುದು ಮಾತ್ರ ಬಹಳ ಜನಕ್ಕೆ ತಿಳಿಯದು. ನಿಮ್ಹಾನ್ಸ್‌ನಲ್ಲಿ ರೋಗಶಾಸ್ತ್ರಜ್ಞ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ಆರಂಭವಾದ ಮಿದುಳಿನ ಬ್ಯಾಂಕ್ ಇದೆ. ಅಲ್ಲಿ ಕಾಪಿಟ್ಟ ಅಂಗಾಂಶವನ್ನು ಸಂಶೋಧಕರಿಗೆ ಕೊಡಲಾಗುತ್ತದೆ. ಸಾವಿನ ನಂತರ ಕೆಲವೇ ಗಂಟೆಗಳಲ್ಲಿ ಕೆಲಸ ಆಗಬೇಕು, ಮನೆಯವರ ಒಪ್ಪಿಗೆ ಬೇಕೇ ಬೇಕು. ಹಾಗಾಗಿ ನಿಮಗೆ ಮನಸ್ಸಿದ್ದರೆ ಅದನ್ನು ಈಗಲೇ ಮನೆಯವರಿಗೆ ಬಾಯಿಬಿಟ್ಟು ಹೇಳಿಡಿ.